ತೆರವಾದ ಪೀಠ, ಮರೆಯಾದ ಜೋಡೆತ್ತು

ಕಲಬುರ್ಗಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಸೇಡಮಿಗೂ ಚಿಂಚೋಳಿಗೂ ನಡುವೆ, ತೊಗರಿಯ ಹೊಲಗಳು ಸುತ್ತುವರಿದಿರುವ ಸುಲೇಪೇಟದಲ್ಲಿ ರಾಷ್ಟ್ರಪತಿಯ ಚುನಾವಣೆಯೆಂಬುದು ಎಂದೂ ನಡೆದುದಿಲ್ಲ. ಅದಕ್ಕಾಗಿ ಶಾಲೆಯ ಕೊಠಡಿಯಲ್ಲಿ ಮತಪೆಟ್ಟಿಗೆಯನ್ನಿಟ್ಟುದಿಲ್ಲ, ಯಾರ ಬೆರಳಿಗೂ ಶಾಯಿ ಹಚ್ಚಿದುದಿಲ್ಲ, ಯಾವ ಅಭ್ಯರ್ಥಿಯೂ ಸಂತೆಯ ದಿನ ಕೈಮುಗಿದು ನಿಂತುದಿಲ್ಲ. ಆದರೂ 1969ನೆಯ ಇಸವಿಯ ಮಳೆಗಾಲದಲ್ಲಿ ಶಹಾಬಾದದ ಫರಸಿ ಹಾಸಿದ ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿ ಬಿತ್ತನೆಯ ಮಾತಿನಷ್ಟೇ ಈ ಚುನಾವಣೆಯ ಮಾತೂ ಆಡುತ್ತಿತ್ತೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲು ಚಿತ್ತಾಪುರವನ್ನು ದಾಟಿ ಸೇಡಮಿಗೆ ತಂದಿಳಿಸುತ್ತಿದ್ದ ಪತ್ರಿಕೆ ಅಲ್ಲಿಂದ ಬಸ್ಸು ಹತ್ತಿ ಊರು ಸೇರುವಷ್ಟರಲ್ಲಿ ಸುದ್ದಿ ಹಳತಾಗಿರುತ್ತಿತ್ತು, ಹಳತಾದ ಸುದ್ದಿಯನ್ನೇ ಗಟ್ಟಿಯಾಗಿ ಓದಿ ಮುಗಿಸಿದಾಗ ನಮ್ಮ ಮುತ್ಯಾ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಯಾರ್ ಬಂದ್ರೇನು, ನಮ್ ತೊಗರಿಗಿ ಧಾರಣಿ ಏರ್ತದೇನು?”

ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ರಾಷ್ಟ್ರಪತಿಯ ಪೀಠವು ಅಲಂಕಾರದ ಪೀಠವೆಂದು ನಮ್ಮ ಪಠ್ಯಪುಸ್ತಕಗಳೂ ಹೇಳಿಕೊಡುತ್ತವೆಯಾದ್ದರಿಂದ ಓದಿದವರ ಅಭಿಪ್ರಾಯವೂ ಮುತ್ಯಾನ ಅಭಿಪ್ರಾಯಕ್ಕಿಂತ ಬಹಳ ದೂರವಿರಲಿಲ್ಲ. ಆದರೆ ಪೀಠದಲ್ಲಿ ಕುಳಿತವರ ಅಧಿಕಾರ ಒಂದು ಬಗೆಯದು, ಪೀಠ ತೆರವಾದಾಗ ಅದನ್ನು ತುಂಬಲು ನಡೆಯುವ ಹೆಣಗಾಟದ ಶಕ್ತಿ ಇನ್ನೊಂದು ಬಗೆಯದು. ಮೊದಲನೆಯದನ್ನು ಸಂವಿಧಾನವು ಹಿಡಿತದಲ್ಲಿಟ್ಟಿದೆ. ಎರಡನೆಯದಕ್ಕೆ ಅಂಥ ಕಟ್ಟುಪಾಡಿಲ್ಲ. 1969ರಲ್ಲಿ ಈ ಎರಡನೆಯ ಶಕ್ತಿಯು ದೇಶದ ಅತಿ ದೊಡ್ಡ ಪಕ್ಷವನ್ನು ಸೀಳಿ, ಹೊರನಾಡುಗಳೊಡನೆ ನಮ್ಮ ವ್ಯವಹಾರಕ್ಕೂ ತನ್ನ ಬಣ್ಣ ಹಚ್ಚಿ, ಕಡೆಗೆ ಚಿಂಚೋಳಿಯವರೇ ಆದ ಒಬ್ಬ ಮುಖ್ಯಮಂತ್ರಿಯನ್ನು ಪದಚ್ಯುತಿಯ ಬಾಗಿಲಿಗೆ ತಂದು ನಿಲ್ಲಿಸಿತು.

ರಾಜ್ಯದ ತಲೆಯಾಗಿ ಯಾರಿರಬೇಕೆಂಬ ವಿಚಾರದಲ್ಲಿ ಈ ಸೀಮೆಗೆ ಸಾವಿರ ವರ್ಷಗಳ ನೆನಪುಂಟು. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ ಅಲ್ಲಿಯ ಅರಸನನ್ನು ಅರಬರು ಬಲ್ಹರನೆಂದು ಕರೆದು, ಬಾಗದಾದಿನ ಖಲೀಫ, ಚೀನದ ಸಾಮ್ರಾಟ, ರೂಮಿನ ದೊರೆ ಇವರ ಸಾಲಿನಲ್ಲಿ ಭೂಮಂಡಲದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ್ದರೆಂಬುದು ಒಂಬತ್ತನೆಯ ಶತಮಾನದ ವರ್ತಕ ಸುಲೈಮಾನನ ಹೆಸರಿನಲ್ಲಿ ಉಳಿದಿರುವ ವೃತ್ತಾಂತದಿಂದ ತಿಳಿಯುತ್ತದೆ. ಉತ್ತರದ ಗುರ್ಜರ ಪ್ರತೀಹಾರರೊಡನೆ ಹಗೆ, ಸಮುದ್ರದಾಚೆಯ ಅರಬರೊಡನೆ ಸ್ನೇಹ: ಮಾನ್ಯಖೇಟದ ಪರರಾಷ್ಟ್ರನೀತಿಯನ್ನು ಇಷ್ಟರಲ್ಲಿಯೇ ಹೇಳಿ ಮುಗಿಸಬಹುದು. ಆ ನೀತಿಯನ್ನು ನಿರ್ಣಯಿಸಲು ಅಲ್ಲಿ ಮತ ಹಾಕಿದವರಿಲ್ಲ. ತಂದೆಯ ಮೇಲೆ ಮಗ, ಮಗನಿಲ್ಲದಲ್ಲಿ ಕತ್ತಿ.

ನಿಜಾಮರ ಕಾಲಕ್ಕೂ ಇದೇ ನ್ಯಾಯ. ಊರಿನ ಹಳಬರಿಗೆ ರಾಜ್ಯದ ತಲೆಯೆಂದರೆ ಚಾರ್ಮಿನಾರಿನ ಚಿತ್ರವಿದ್ದ ಹಾಲಿ ಸಿಕ್ಕಾ. ಇಂಗ್ಲಿಷರ ರೂಪಾಯಿ ‘ಕಲ್ದಾರ’ವಾಗಿತ್ತು, ಅದರ ಬೆಲೆ ಬೇರೆ, ಗತ್ತು ಬೇರೆ. ತನ್ನದೇ ನಾಣ್ಯ, ತನ್ನದೇ ರೈಲು, ತನ್ನದೇ ಅಂಚೆಚೀಟಿಗಳಿದ್ದ ಈ ಸಂಸ್ಥಾನವು 1947ರ ಆಗಸ್ಟಿನ ಮೇಲೆ ತನ್ನದೇ ಪರರಾಷ್ಟ್ರನೀತಿಯೂ ಇರಬೇಕೆಂದು ಹೊರಟು, ಮರುವರ್ಷ ತನ್ನ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಸಮಿತಿಯವರೆಗೆ ಒಯ್ದಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಗಡಿ ದಾಟಿತು. ಐದು ದಿನಗಳಲ್ಲಿ ಎಲ್ಲವೂ ಮುಗಿಯಿತು. ಆ ಗಡಿಬಿಡಿಯಲ್ಲಿ ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ ಹೆಸರಿನ ಖಾತೆಗೆ ಸಂದಾಯವಾದ ಹತ್ತು ಲಕ್ಷ ಪೌಂಡುಗಳ ವ್ಯಾಜ್ಯವು 2019ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಭಾರತದ ಮತ್ತು ನಿಜಾಮರ ವಾರಸುದಾರರ ಪರವಾಗಿ ತೀರ್ಪು ಕೊಡುವವರೆಗೂ ನಡೆದುಕೊಂಡು ಬಂದಿತೆಂದರೆ, ಅರಮನೆಯ ಪರರಾಷ್ಟ್ರನೀತಿಯು ಅರಮನೆಗಿಂತ ದೀರ್ಘಾಯುವೆಂದು ನಂಬಬೇಕಾಗುತ್ತದೆ.

ನಿಜಾಮರು ರಾಜಪ್ರಮುಖರಾಗಿ 1956ರ ಅಕ್ಟೋಬರ್ ಕೊನೆಯವರೆಗೆ ಉಳಿದರು. ನವೆಂಬರ್ 1ರಂದು ರಾಜ್ಯ ಮೂರು ಪಾಲಾಯಿತು. ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರಿಗೆ ಬಂದವು, ರಾಜಧಾನಿ ಹೈದ್ರಾಬಾದು ಆಂಧ್ರಪ್ರದೇಶಕ್ಕೆ ಹೋಯಿತು. ಆ ಹೊಸ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ ಅನಂತಪುರ ಸೀಮೆಯ ನೀಲಂ ಸಂಜೀವರೆಡ್ಡಿ. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ನಿಧನರಾದ ಮೊದಲ ರಾಷ್ಟ್ರಪತಿ ಅವರು. ಹುಟ್ಟಿದ್ದು ಹೈದ್ರಾಬಾದಿನಲ್ಲಿ, ಅಂದರೆ ಸುಲೇಪೇಟದವರು ಕಚೇರಿ ಕೆಲಸಕ್ಕೂ ಆಸ್ಪತ್ರೆಗೂ ಮದುವೆಯ ಜವಳಿಗೂ ಹೋಗುತ್ತಿದ್ದ ಹಳೆಯ ರಾಜಧಾನಿಯಲ್ಲಿಯೇ. ಉಪರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಅವರೂ ನಮಗೆ ಅಪರಿಚಿತರಲ್ಲ. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಬೆಂಗಳೂರಿನಲ್ಲಿದ್ದವರು. ತೀರಿಹೋದವರು ನಮ್ಮ ಹಳೆಯ ರಾಜಧಾನಿಯವರು, ಸ್ಪರ್ಧಿಗಳಲ್ಲಿ ಒಬ್ಬರು ಆ ರಾಜಧಾನಿಯನ್ನು ಪಡೆದ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, ಇನ್ನೊಬ್ಬರು ನಾವು ಹೊಸದಾಗಿ ಸೇರಿದ ರಾಜ್ಯದ ರಾಜ್ಯಪಾಲರಾಗಿದ್ದವರು: ಹೀಗೆ ದೆಹಲಿಯ ಜಗಳಕ್ಕೂ ಈ ತೊಗರಿಯ ನಾಡಿಗೂ ಮೊದಲೇ ಗಂಟು ಬಿದ್ದಿತ್ತು.

ಗಂಟನ್ನು ಇನ್ನಷ್ಟು ಬಿಗಿಮಾಡಿದವರು ಇಬ್ಬರು ಕನ್ನಡಿಗರು. ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ, ಅವರು ಬಿಟ್ಟುಹೋದ ಮುಖ್ಯಮಂತ್ರಿಯ ಗಾದಿಯಲ್ಲಿ 1968ರ ಮೇ ತಿಂಗಳಿಂದ ಕುಳಿತವರು ಚಿಂಚೋಳಿಯಲ್ಲಿ ಹುಟ್ಟಿ, ಚಿಂಚೋಳಿಯಿಂದಲೇ ವಿಧಾನಸಭೆಗೆ ಆರಿಸಿಬಂದಿದ್ದ ವೀರೇಂದ್ರ ಪಾಟೀಲ. ಪಾಟೀಲರನ್ನೂ ರಾಮಕೃಷ್ಣ ಹೆಗಡೆಯವರನ್ನೂ ನಿಜಲಿಂಗಪ್ಪನವರ ಲವ-ಕುಶರೆಂದು ಕರೆಯುವುದು ಆಗ ವಾಡಿಕೆಯಾಗಿತ್ತು. ನಲವತ್ತನಾಲ್ಕನೆಯ ವಯಸ್ಸಿಗೆ ಮುಖ್ಯಮಂತ್ರಿಯಾದ ಈ ಪಾಟೀಲರು, ನಿನ್ನೆ ಮೊನ್ನೆ ರಾಜ್ಯಕ್ಕೆ ಸೇರಿಕೊಂಡ ಬಡ ಸೀಮೆಯವರೊಬ್ಬರು ವಿಧಾನಸೌಧದ ಆ ಕುರ್ಚಿಯನ್ನು ಏರಬಲ್ಲರೆಂದು ತೋರಿಸಿದ್ದರಿಂದ, ನಮ್ಮ ಕಡೆಯವರಿಗೆ ಅವರ ಮೇಲೆ ಪಕ್ಷವನ್ನು ಮೀರಿದ ಒಂದು ಅಭಿಮಾನವಿತ್ತು. ‘ನಮ್ ಪಾಟೀಲ್ರು’ ಎಂದೇ ಮಾತು.

ಜಗಳಕ್ಕೆ ರಂಗಸ್ಥಲವಾದುದು ಬೆಂಗಳೂರು, ಅದರಲ್ಲೂ ಲಾಲಬಾಗಿನ ಗಾಜಿನ ಮನೆ. ಹೂವಿನ ಪ್ರದರ್ಶನಕ್ಕೆ ಹೇಳಿ ಮಾಡಿಸಿದ ಆ ಸೌಧದಲ್ಲಿ 1969ರ ಜುಲೈ ಎರಡನೆಯ ವಾರ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸಭೆ ಸೇರಿತು. ಪ್ರಧಾನಿ ಇಂದಿರಾ ಗಾಂಧಿಯವರು ತಾವು ಬರುವ ಮುನ್ನವೇ ಆರ್ಥಿಕ ನೀತಿಯನ್ನು ಕುರಿತ ಒಂದು ಟಿಪ್ಪಣಿಯನ್ನು ಫಕ್ರುದ್ದೀನ್ ಅಲಿ ಅಹಮದರ ಕೈಯಲ್ಲಿ ಕಳುಹಿಸಿದ್ದರು. ಬ್ಯಾಂಕುಗಳ ರಾಷ್ಟ್ರೀಕರಣದ ಸೂಚನೆ ಅದರಲ್ಲಿತ್ತು. ಕಾಮರಾಜ, ಎಸ್.ಕೆ. ಪಾಟೀಲ, ಅತುಲ್ಯ ಘೋಷ್, ನಿಜಲಿಂಗಪ್ಪ ಮೊದಲಾದ ಹಿರಿಯರ ಕೂಟಕ್ಕೆ, ಪತ್ರಿಕೆಗಳು ‘ಸಿಂಡಿಕೇಟ್’ ಎಂದು ಹೆಸರಿಟ್ಟ ಆ ಕೂಟಕ್ಕೆ, ಟಿಪ್ಪಣಿಗಿಂತ ಮುಖ್ಯವಾದುದು ತೆರವಾದ ಪೀಠ. ರಾಷ್ಟ್ರಪತಿ ತಮ್ಮವರಾದರೆ ಪ್ರಧಾನಿಯನ್ನು ಅಂಕೆಯಲ್ಲಿಡಬಹುದೆಂದು ಅವರು ಎಣಿಸಿದರೋ, ಹಾಗೆ ಅವರು ಎಣಿಸಿದ್ದಾರೆಂದು ಪ್ರಧಾನಿಯವರು ಎಣಿಸಿದರೋ, ಪರಿಣಾಮ ಒಂದೇ. ಪಾರ್ಲಿಮೆಂಟರಿ ಮಂಡಳಿಯಲ್ಲಿ ಇಂದಿರೆಯವರು ಸೂಚಿಸಿದ ಜಗಜೀವನರಾಮರ ಹೆಸರು ಬಿದ್ದುಹೋಯಿತು. ಸಂಜೀವರೆಡ್ಡಿಯವರ ಹೆಸರು ಬಹುಮತದಿಂದ ನಿಂತಿತು. ಗಿರಿಯವರು ತಾವು ಸ್ವತಂತ್ರವಾಗಿ ನಿಲ್ಲುವುದಾಗಿ ಸಾರಿದರು.

ಆಮೇಲಿನ ಒಂದು ವಾರದ ವೇಗವನ್ನು ಈಗ ಓದಿದರೂ ಉಸಿರು ಕಟ್ಟುತ್ತದೆ. ಜುಲೈ 16ರಂದು ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸಿನ ಖಾತೆ ಹೋಯಿತು. 19ರಂದು, ಐವತ್ತು ಕೋಟಿ ರೂಪಾಯಿಗೆ ಮಿಗಿಲಾದ ಠೇವಣಿಯಿದ್ದ 14 ಬ್ಯಾಂಕುಗಳನ್ನು ಸರ್ಕಾರದ ವಶಕ್ಕೆ ತರುವ ಸುಗ್ರೀವಾಜ್ಞೆಗೆ ಹಂಗಾಮಿ ರಾಷ್ಟ್ರಪತಿ ಗಿರಿಯವರ ಸಹಿ ಬಿದ್ದಿತು. ಸಂಸತ್ತು ಸೇರಲು ಎರಡು ದಿನ ಮಾತ್ರ ಉಳಿದಿತ್ತು. 20ರಂದು ಗಿರಿಯವರ ರಾಜೀನಾಮೆ. ಸ್ಪರ್ಧಿಯಾಗಲಿದ್ದವರ ಲೇಖನಿಯಿಂದಲೇ, ಅವರು ಪೀಠ ಬಿಡುವ ಹಿಂದಿನ ದಿನ, ಕರಾವಳಿಯ ಕನ್ನಡಿಗರು ಕಟ್ಟಿದ ಕೆನರಾ ಬ್ಯಾಂಕೂ ಸಿಂಡಿಕೇಟ್ ಬ್ಯಾಂಕೂ ರಾಷ್ಟ್ರದ ಸ್ವತ್ತಾದುವು. ಅಡತಿ ಅಂಗಡಿಯ ಸಾವಕಾರನಿಂದ ಬಿತ್ತನೆಗೆ ಸಾಲ ಎತ್ತಿ, ರಾಶಿಯಾದ ಮೇಲೆ ಅವನು ಹೇಳಿದ ಧಾರಣೆಗೇ ತೊಗರಿಯನ್ನು ಅಳೆದುಕೊಟ್ಟು ಬರುತ್ತಿದ್ದ ಸುಲೇಪೇಟದ ಒಕ್ಕಲಿಗನಿಗೆ ಬ್ಯಾಂಕಿನ ಬಾಗಿಲು ಅಂದೇ ತೆರೆಯಿತೆಂದು ನಾನು ಹೇಳಲಾರೆ. ಆದರೆ ಬ್ಯಾಂಕೆಂಬುದು ಹಳ್ಳಿಗೂ ಬರಬೇಕೆಂಬ ಮಾತು ರಾಜಕೀಯದ ಮಾತಾದುದು ಆ ವಾರದಲ್ಲಿಯೇ.

ನಾಮಪತ್ರಗಳು 15 ಉಳಿದವು. ಸಂಜೀವರೆಡ್ಡಿಯವರಿಗೆ ಸ್ವತಃ ಇಂದಿರೆಯವರೇ ಸೂಚಕರಾಗಿ ಸಹಿ ಹಾಕಿದ್ದರೆಂಬುದನ್ನು ಮರೆಯಬಾರದು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಬೆಂಬಲಿಸಿದ ಮೂರನೆಯವರು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರಾಗಿದ್ದ ಸಿ.ಡಿ. ದೇಶಮುಖ. ಶಾಸಕರೂ ಸಂಸತ್ಸದಸ್ಯರೂ ಮತ ಹಾಕುವ ಈ ಚುನಾವಣೆಯಲ್ಲಿ ಮತದಾರನು ಒಬ್ಬನನ್ನು ಆರಿಸಿ ಮುದ್ರೆಯೊತ್ತುವುದಿಲ್ಲ; ಮೊದಲ ಆಯ್ಕೆ, ಎರಡನೆಯ ಆಯ್ಕೆ ಎಂದು ಅಂಕಿ ಬರೆಯುತ್ತಾನೆ. ಆದ್ದರಿಂದ ದೇಶಮುಖರ ಮತಪತ್ರಗಳಲ್ಲಿ ‘2’ ಎಂಬ ಅಂಕಿ ಯಾರ ಹೆಸರಿನ ಮುಂದೆ ಬೀಳುವುದೆಂಬುದೇ ನಿರ್ಣಾಯಕವಾಯಿತು. ಅದನ್ನು ರೆಡ್ಡಿಯವರಿಗೆ ಹಾಕಿಸಲು ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ನಾಯಕರೊಡನೆ ಮಾತನಾಡಿದರು. ಲೆಕ್ಕದ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ. ರಾಜಕೀಯದ ದೃಷ್ಟಿಯಿಂದ ಎದುರಾಳಿಯ ಕೈಗೆ ಕೋಲು ಕೊಟ್ಟಂತೆ. ಬಲಪಂಥೀಯರೊಡನೆ ಒಳಸಂಧಾನ ನಡೆದಿದೆಯೆಂದು ಗುಲ್ಲೆಬ್ಬಿಸಲು ಅಷ್ಟೇ ಸಾಕಾಯಿತು. ಇಂದಿರೆಯವರು ವಿಪ್ ಕೊಡಲೊಪ್ಪಲಿಲ್ಲ. ಅಂತಃಸಾಕ್ಷಿಯಂತೆ ಮತ ಹಾಕಿರೆಂಬ ಕರೆ ಹೊರಟಿತು. ತಾವೇ ಸೂಚಿಸಿದ ಅಭ್ಯರ್ಥಿಯ ವಿರುದ್ಧ ಅಂತಃಸಾಕ್ಷಿಯನ್ನು ಕರೆದು ನಿಲ್ಲಿಸುವುದು ಧರ್ಮವೋ ಚಾತುರ್ಯವೋ ಎಂಬ ವಾದ ನಮ್ಮ ಕಟ್ಟೆಯ ಮೇಲೆ ಬಹುಕಾಲ ನಡೆಯಿತು; ನನಗೆ ಅದು ಚಾತುರ್ಯವೆಂದೇ ತೋರುತ್ತದೆ, ಆದರೆ ಎದುರು ಪಕ್ಷದ ಹಿರಿಯರು ಧರ್ಮಾತ್ಮರಾಗಿದ್ದರೆಂದು ಅದರಿಂದ ಸಿದ್ಧವಾಗುವುದಿಲ್ಲ.

ಮತದ ತೂಕವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. 1961ರ ಜನಗಣತಿಯಂತೆ ಮೈಸೂರು ರಾಜ್ಯದ ಜನಸಂಖ್ಯೆ 2,35,86,772. ವಿಧಾನಸಭೆಯ ಸ್ಥಾನಗಳು 216. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದುದನ್ನು ಸಾವಿರದಿಂದ ಭಾಗಿಸಿದರೆ 109. ಚಿಂಚೋಳಿಯ ಶಾಸಕರ ಮತಕ್ಕೂ ಬೆಂಗಳೂರಿನ ಶಾಸಕರ ಮತಕ್ಕೂ ಇದೇ ತೂಕ. ಸಂಸತ್ಸದಸ್ಯರೊಬ್ಬರ ಮತಕ್ಕೆ 576. ಹೀಗೆ ಸುಲೇಪೇಟದ ಒಕ್ಕಲಿಗನು ತಾನು ಮತ ಹಾಕದಿದ್ದರೂ ತಲೆಯೆಣಿಕೆಯಲ್ಲಿ ಒಂದು ಸೂಕ್ಷ್ಮ ಭಾಗವಾಗಿ ಆ 109ರೊಳಗೆ ಅಡಗಿ ವಿಧಾನಸೌಧದ ಮತಪೆಟ್ಟಿಗೆಯನ್ನು ಸೇರಿದನು. ಇಡೀ ಮೈಸೂರು ಸಭೆಯ ತೂಕ 23,544.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಗೆಲ್ಲಲು ಬೇಕಾದುದು 4,18,169. ಮೊದಲ ಆಯ್ಕೆಯ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769, ಯಾರೂ ಗೆಲ್ಲಲಿಲ್ಲ. ಕೆಳಗಿನವರನ್ನು ಒಬ್ಬೊಬ್ಬರನ್ನಾಗಿ ಕಳೆದು ಅವರ ಎರಡನೆಯ ಆಯ್ಕೆಗಳನ್ನು ಹಂಚುತ್ತ ಹೋದಾಗ ರೆಡ್ಡಿಯವರ ರಾಶಿ ತೊಂಬತ್ತು ಸಾವಿರಕ್ಕೂ ಮಿಕ್ಕಿ ಬೆಳೆಯಿತು, ಗಿರಿಯವರದು ಹತ್ತೊಂಬತ್ತು ಸಾವಿರವನ್ನೂ ಮುಟ್ಟಲಿಲ್ಲ. ನಿಜಲಿಂಗಪ್ಪನವರ ಲೆಕ್ಕ ತಪ್ಪಿರಲಿಲ್ಲವೆಂದು ಈ ಅಂಕಿಗಳೇ ಹೇಳುತ್ತವೆ. ಎರಡನೆಯ ಆಯ್ಕೆಗಳು ಬರಬೇಕಾದಲ್ಲಿಗೇ ಬಂದಿದ್ದವು. ಸೋರಿಹೋಗಿದ್ದುದು ತಮ್ಮದೇ ಮನೆಯ ಮೊದಲ ಆಯ್ಕೆ. ಕಡೆಯ ಅಂಕಿ: ಗಿರಿ 4,20,077, ರೆಡ್ಡಿ 4,05,427. ಅಂತರ 14,650, ಅಂದರೆ ಮೈಸೂರು ಸಭೆಯೊಂದರ ತೂಕಕ್ಕಿಂತಲೂ ಕಡಿಮೆ. ಮತ ಗುಪ್ತವಾದುದರಿಂದ ನಮ್ಮ 216 ಜನ ಏನು ಬರೆದರೆಂಬುದು ಆ ಪೆಟ್ಟಿಗೆಗೇ ಗೊತ್ತು.

ಇಷ್ಟರ ನಡುವೆ ಹೊರಗಿನ ಲೋಕ ನಮಗಾಗಿ ಕಾದು ನಿಂತಿರಲಿಲ್ಲ. ಗಿರಿಯವರು ರಾಜೀನಾಮೆಯಿತ್ತುದರಿಂದ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. ಅಂಥ ನಡುವಿನ ಕಾಲದಲ್ಲಿ, ಜುಲೈ 31ರಂದು, ಅಮೆರಿಕೆಯ ಅಧ್ಯಕ್ಷ ನಿಕ್ಸನ್ನರು ದೆಹಲಿಗೆ ಬಂದಿಳಿದರು. ಹಿಂದಿನ ನವೆಂಬರಿನಲ್ಲಷ್ಟೇ ಕೋಟ್ಯಂತರ ಮತದಾರರ ಚುನಾವಣೆಯಲ್ಲಿ ಗೆದ್ದು, ಏಷ್ಯದ ಯುದ್ಧಗಳಲ್ಲಿ ಇನ್ನು ಮುಂದೆ ಏಷ್ಯದವರೇ ಮೊದಲ ಹೊಣೆ ಹೊರಬೇಕೆಂದು ಗುವಾಮ್ ದ್ವೀಪದಲ್ಲಿ ಹೇಳಿ ಬಂದಿದ್ದ ಅಧ್ಯಕ್ಷ ಅವರು. ಅವರನ್ನು ಬರಮಾಡಿಕೊಂಡವರು ಇನ್ನೂ ಆಯ್ಕೆಯೇ ಆಗದ ಪೀಠವನ್ನು ಕೆಲವು ವಾರಗಳ ಮಟ್ಟಿಗೆ ಕಾಯುತ್ತಿದ್ದ ಒಬ್ಬ ನ್ಯಾಯಾಧೀಶರು. ಅಲ್ಲಿ ಅಧ್ಯಕ್ಷನ ಚುನಾವಣೆಯು ನೇರವಾಗಿ ಪರರಾಷ್ಟ್ರನೀತಿಯನ್ನು ಬದಲಿಸುತ್ತದೆ, ಏಕೆಂದರೆ ಗೆದ್ದವನೇ ಆಳುವವನು. ಇಲ್ಲಿ ಆ ಬದಲಾವಣೆ ಬಳಸುದಾರಿಯಿಂದ ಬಂದಿತು.

ಬಳಸುದಾರಿಯ ಮೊದಲ ತಿರುವು ರಬಾತ್. ಗಿರಿಯವರ ಗೆಲುವಿನ ಮರುದಿನ ಜೆರೂಸಲೇಮಿನ ಅಲ್-ಅಕ್ಸಾ ಮಸೀದಿಗೆ ಬೆಂಕಿ ಬಿದ್ದಿತು. ಅದರ ಪರಿಣಾಮವಾಗಿ ಸೆಪ್ಟೆಂಬರಿನಲ್ಲಿ ಮೊರಾಕ್ಕೊ ದೇಶದ ರಬಾತಿನಲ್ಲಿ ಮುಸ್ಲಿಂ ರಾಷ್ಟ್ರಗಳ ಶಿಖರ ಸಮ್ಮೇಳನ ಸೇರಿತು. ಕರೆದು ಆಮೇಲೆ ಬಾಗಿಲಲ್ಲಿ ನಿಲ್ಲಿಸಿದಂತೆ, ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನರ ಹಟದಿಂದ ಭಾರತದ ನಿಯೋಗಕ್ಕೆ ಅಲ್ಲಿ ಸ್ಥಳ ತಪ್ಪಿತು. ನಿಯೋಗದ ನಾಯಕರು ಬೇರಾರೂ ಅಲ್ಲ, ಬೆಂಗಳೂರಿಗೆ ಟಿಪ್ಪಣಿ ತಂದಿದ್ದ, ಅಂತಃಸಾಕ್ಷಿಯ ಮತಕ್ಕಾಗಿ ನಿಜಲಿಂಗಪ್ಪನವರಿಗೆ ಪತ್ರ ಬರೆದಿದ್ದ ಫಕ್ರುದ್ದೀನ್ ಅಲಿ ಅಹಮದರೇ. ನವೆಂಬರ್ 12ರಂದು ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿ, ಕಾಂಗ್ರೆಸ್ಸು ಸಂಸ್ಥಾ ಕಾಂಗ್ರೆಸ್ಸೆಂದೂ ಆಡಳಿತ ಕಾಂಗ್ರೆಸ್ಸೆಂದೂ ಎರಡಾದಾಗ, ಒಡೆದ ಮನೆಯವರು ಲೋಕಸಭೆಯಲ್ಲಿ ಮೊದಲ ಬಾರಿಗೆ ಎದುರುಬದುರಾಗಿ ಬಲ ಪರೀಕ್ಷಿಸಿಕೊಂಡುದು ಈ ರಬಾತಿನ ಅಪಮಾನದ ವಿಷಯದಲ್ಲಿಯೇ. ಇಂದಿರೆಯವರ ಸರ್ಕಾರ ಉಳಿದುಕೊಂಡಿತು. ಆದರೆ ಕಮ್ಯುನಿಸ್ಟರ ಮತ್ತು ದ್ರಾವಿಡ ಮುನ್ನೇತ್ರ ಕಳಗಂನ ಆಸರೆಯಿಂದ ಉಳಿದುಕೊಂಡಿತು.

ಗಿರಿಯವರು ಗೆದ್ದುದರಿಂದಲೇ ಭಾರತವು ಸೋವಿಯೆತ್ ಕಡೆಗೆ ವಾಲಿತೆಂದು ಹೇಳುವುದು ಅತ್ಯುಕ್ತಿ. ನಿಕ್ಸನ್ನರ ದೂತ ಕಿಸಿಂಜರರು 1971ರ ಜುಲೈಯಲ್ಲಿ ಪಾಕಿಸ್ತಾನದ ಮೂಲಕ ಗುಟ್ಟಾಗಿ ಪೀಕಿಂಗಿಗೆ ಹೋಗಿ ಬರದಿದ್ದರೆ, ಪೂರ್ವ ಬಂಗಾಳದಿಂದ ನಿರಾಶ್ರಿತರ ಹೊಳೆ ಹರಿದು ಬರದಿದ್ದರೆ, ಆಗಸ್ಟ್ 9ರ ಭಾರತ-ಸೋವಿಯೆತ್ ಒಪ್ಪಂದಕ್ಕೆ ಅಷ್ಟು ಅವಸರ ಒದಗುತ್ತಿರಲಿಲ್ಲ. ಆದರೆ ಒಪ್ಪಂದದ ಮಾತುಕತೆ ಆರಂಭವಾಗಿದ್ದುದು 1969ರಲ್ಲಿಯೇ. ಅದನ್ನು ಮುಂದುವರಿಸಬಲ್ಲ ಪ್ರಧಾನಿ ಆ ಆಗಸ್ಟಿನಲ್ಲಿ ಉಳಿದುಕೊಂಡರು, ಅದನ್ನು ಎದುರಿಸಬಹುದಾಗಿದ್ದ ಹಿರಿಯರು ಅಧಿಕಾರದ ಹೊರಗೆ ಬಿದ್ದರು. 1971ರ ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ದಾಳಿಯಿಟ್ಟಾಗ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದವರು ಗಿರಿಯವರು.

ಮುತ್ಯಾನ ಧಾರಣೆಯ ಪ್ರಶ್ನೆಯನ್ನು ನಾನು ಮರೆತಿಲ್ಲ. ಪರರಾಷ್ಟ್ರನೀತಿಗೂ ತೊಗರಿಗೂ ಸಂಬಂಧವೇನೆಂದು ಅಂದಿನವರು ನಗಬಹುದಾಗಿತ್ತು, ಇಂದು ನಗಲಾಗದು. 2016ರಲ್ಲಿ ನಮ್ಮ ದೇಶವು ಆಫ್ರಿಕದ ಮೊಜಾಂಬಿಕ್ಕಿನೊಡನೆ ಬೇಳೆಕಾಳಿನ ಆಮದಿಗೆ ಒಡಂಬಡಿಕೆ ಮಾಡಿಕೊಂಡಮೇಲೆ ಅಲ್ಲಿಯ ತೊಗರಿ ನಮ್ಮ ಬಂದರುಗಳಿಗೆ ಹಡಗಿನಲ್ಲಿ ಬಂದಿಳಿಯುತ್ತದೆ, ಇಲ್ಲಿಯ ಅಡತಿ ಅಂಗಡಿಯವನು ಮೊಬೈಲಿನಲ್ಲಿ ಆ ಹಡಗಿನ ಸುದ್ದಿಯನ್ನು ನೋಡಿಕೊಂಡೇ ಧಾರಣೆ ಕಟ್ಟುತ್ತಾನೆ. 2024ರ ಅಕ್ಟೋಬರಿನಲ್ಲಿ ಆ ಮೊಜಾಂಬಿಕ್ಕಿನಲ್ಲಿ ಅಧ್ಯಕ್ಷನ ಚುನಾವಣೆ ನಡೆದು, ಫಲಿತಾಂಶವನ್ನು ಒಪ್ಪದವರು ತಿಂಗಳುಗಟ್ಟಲೆ ಬೀದಿಗಿಳಿದಾಗ, ಹೆಸರನ್ನು ಉಚ್ಚರಿಸಲೂ ಬಾರದ ದೇಶದ ರಾಷ್ಟ್ರಪತಿ ಯಾರಾದರೆಂದು ಸಂತೆಯಲ್ಲೊಬ್ಬರು ನನ್ನನ್ನು ಕೇಳಿದರು. ಮುತ್ಯಾ ಇದ್ದಿದ್ದರೆ ಮೆಚ್ಚುತ್ತಿದ್ದ.

ಮತ್ತೆ ಪಾಟೀಲರ ಕಥೆಗೆ ಬರೋಣ. ಪಕ್ಷ ಒಡೆದಾಗ ಮುಖ್ಯಮಂತ್ರಿಗಳಲ್ಲಿ ಹೆಚ್ಚಿನವರು ಗಾಳಿಯ ದಿಕ್ಕನ್ನು ನೋಡಿ ದೆಹಲಿಯ ಕಡೆ ನಿಂತರು. ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆಯೇ ಉಳಿದರು. ಸುಲೇಪೇಟದಲ್ಲಿ ಇದನ್ನು ಜನ ತತ್ತ್ವದ ಮಾತಾಗಿ ತಿಳಿಯಲಿಲ್ಲ, ಗುರುವಿನ ಋಣದ ಮಾತಾಗಿ ತಿಳಿದರು. ನನಗೂ ಹಾಗೆಯೇ ತೋರುತ್ತದೆ. ಮೈಸೂರಿನಲ್ಲಿ ಇಂದಿರೆಯವರ ಪಕ್ಷವನ್ನು ಕಟ್ಟಲು ನಿಂತವರು ಹುಣಸೂರಿನ ದೇವರಾಜ ಅರಸು. ನಮ್ಮ ಕಲಬುರ್ಗಿಯಲ್ಲಿ ಗಿರಣಿ ಕಾರ್ಮಿಕರ ಪರ ನಿಲ್ಲುತ್ತಿದ್ದ ತರುಣ ವಕೀಲ ಮಲ್ಲಿಕಾರ್ಜುನ ಖರ್ಗೆಯವರು ಕಾಂಗ್ರೆಸ್ಸು ಸೇರಿದುದೂ ಅದೇ 1969ರಲ್ಲಿ. 1972ರಲ್ಲಿ ಅವರು ಸೇಡಮಿಗೆ ನೆರೆಯ ಗುರುಮಿಠಕಲ್ಲಿನಿಂದ ಶಾಸಕರಾದರು, 2022ರಲ್ಲಿ ನಿಜಲಿಂಗಪ್ಪನವರು ಒಮ್ಮೆ ಕುಳಿತಿದ್ದ ಅಧ್ಯಕ್ಷಪೀಠದಲ್ಲಿ ಕುಳಿತರು.

ಹಳ್ಳಿಯ ಕಣ್ಣಿಗೆ ಒಡಕು ಕಂಡುದು ಗೋಡೆಯ ಮೇಲೆ. ಕಾಂಗ್ರೆಸ್ಸೆಂದರೆ ನೊಗ ಹೊತ್ತ ಜೋಡೆತ್ತು. ಅಕ್ಷರ ಬಾರದವರಿಗೂ ಆ ಗುರುತು ಬಾರದೆ ಇರಲಿಲ್ಲ. ನಮ್ಮ ಓಣಿಯ ತಿರುವಿನಲ್ಲಿ ಕೆಮ್ಮಣ್ಣಿನಲ್ಲಿ ಬರೆದ ಜೋಡೆತ್ತೊಂದಿತ್ತು, ಬಲಗಡೆಯ ಎತ್ತಿನ ಕೊಂಬು ಎಡಗಡೆಯದಕ್ಕಿಂತ ಗೇಣುದ್ದ ಹೆಚ್ಚು. ಕಾರಹುಣ್ಣಿಮೆಯಲ್ಲಿ ಎತ್ತಿಗೆ ಬಣ್ಣ ಹಚ್ಚಿ ಉಳಿದುದನ್ನು ಹುಡುಗರು ಆ ಕೊಂಬಿಗೆ ಬಳಿಯುತ್ತಿದ್ದರು. ಆ ಗುರುತಿಗಾಗಿ ಎರಡು ಬಣಗಳೂ ಕಾದಾಡಿದವು. 1971ರ ಜನವರಿಯಲ್ಲಿ ಚುನಾವಣಾ ಆಯೋಗವು ಅದನ್ನು ಇಂದಿರೆಯವರ ಕಡೆಯ ಜಗಜೀವನರಾಮರ ಬಣಕ್ಕೆ ಕೊಟ್ಟರೂ ಸರ್ವೋಚ್ಚ ನ್ಯಾಯಾಲಯದ ತಡೆಯಿಂದಾಗಿ ಮಾರ್ಚಿಯ ಚುನಾವಣೆಯಲ್ಲಿ ಅದು ಯಾರಿಗೂ ದಕ್ಕಲಿಲ್ಲ. ಇಂದಿರೆಯವರದು ಆಕಳು-ಕರುವಾಯಿತು, ನಿಜಲಿಂಗಪ್ಪನವರದು ಚರಕದ ಮುಂದೆ ಕುಳಿತ ಹೆಂಗಸಾಯಿತು. ಗೋಡೆಗೆ ಸುಣ್ಣ ಬಿದ್ದಿತು. ಅದರ ಮೇಲೆ ಆಕಳು ಬಂದಿತು, ಕರು ಬಂದಿತು. ಮಳೆ ಹೊಡೆದು ಸುಣ್ಣ ತೊಳೆದಾಗಲೆಲ್ಲ ಕರುವಿನ ಬೆನ್ನಿನ ಹಿಂದೆ ಆ ಉದ್ದನೆಯ ಕೊಂಬು ಎದ್ದು ಕಾಣುತ್ತಿತ್ತಂತೆ.

ಆ ಮಾರ್ಚಿಯಲ್ಲಿ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ 27ನ್ನೂ ಇಂದಿರೆಯವರ ಪಕ್ಷವೇ ಗೆದ್ದಿತು. ಶಾಸಕರು ಅಂತಃಸಾಕ್ಷಿಯ ಕರೆಗಿಂತ ಬೇಗನೆ ಗೆಲುವಿನ ಈ ಕರೆಗೆ ಓಗೊಟ್ಟರು. ವಿಧಾನಸಭೆಯಲ್ಲಿ ಬಹುಮತ ಕರಗಿತು. ಮಾರ್ಚ್ 18ರಂದು ವೀರೇಂದ್ರ ಪಾಟೀಲರು ರಾಜೀನಾಮೆ ಕೊಟ್ಟರು. ರಾಜ್ಯಪಾಲ ಧರ್ಮವೀರರ ವರದಿಯ ಮೇಲೆ ಮೈಸೂರು ರಾಜ್ಯದಲ್ಲಿ ಮೊದಲ ಬಾರಿಗೆ ರಾಷ್ಟ್ರಪತಿಯ ಆಳ್ವಿಕೆ ಬಂದಿತು. ಘೋಷಣೆಗೆ ಸಹಿ ಯಾರದು? ಯಾರ ಆಯ್ಕೆಯನ್ನು ತಡೆಯಲು ಪಾಟೀಲರ ಗುರುಗಳು ಎರಡು ವರ್ಷದ ಹಿಂದೆ ಸರ್ವಸ್ವವನ್ನೂ ಪಣವಿಟ್ಟಿದ್ದರೋ, ಅದೇ ಗಿರಿಯವರದು.

“ಈಗ ನಮಗ ಯಾರು ಆಳ್ಲಿಕತ್ತಾರೋ ತಮ್ಮಾ?” ಎಂದು ಮುತ್ಯಾ ನನ್ನ ಚಿಕ್ಕಪ್ಪನನ್ನು ಕೇಳಿದನಂತೆ.

“ರಾಷ್ಟ್ರಪತಿ, ಅಪ್ಪಾ.”

“ಅವಂಗ ನಾವು ಓಟೇ ಹಾಕಿಲ್ಲಲ್ಲೋ!”

ಒಂದು ವರ್ಷ ಹಾಗೆಯೇ ನಡೆಯಿತು. 1972ರ ಮಾರ್ಚ್ 20ರಂದು ಅರಸರು ಮುಖ್ಯಮಂತ್ರಿಯಾದರು. ಹಿಂದುಳಿದ ವರ್ಗಗಳ ಹಾವನೂರು ಆಯೋಗವೂ 1974ರ ಭೂಸುಧಾರಣೆಯೂ ಆಮೇಲಿನ ಮಾತು, ಅವುಗಳ ಕಥೆ ಬೇರೆಯೇ ದೊಡ್ಡದು. ಉಳುವವನಿಗೆ ಹೊಲ ಬಂದುದನ್ನು ಕೊಂಡಾಡುವವರು, ಆ ದಾರಿ ತೆರೆದುದು ಒಂದು ರಾಷ್ಟ್ರಪತಿ ಚುನಾವಣೆಯಿಂದಲೆಂದು ನೆನೆಯುವುದು ಅಪರೂಪ.

ಸಂಜೀವರೆಡ್ಡಿಯವರು 1977ರಲ್ಲಿ, ಅವಿರೋಧವಾಗಿ, ಅದೇ ಪೀಠವನ್ನು ಏರಿದರು. ಅದಕ್ಕೆ ಮುಂಚೆ ರಾಷ್ಟ್ರಪತಿಯಾಗಿದ್ದ ಫಕ್ರುದ್ದೀನ್ ಅಲಿ ಅಹಮದರೂ ಅಧಿಕಾರದಲ್ಲಿರುವಾಗಲೇ ತೀರಿಹೋದರು. ಐದು ತಿಂಗಳು ಹಂಗಾಮಿಯಾಗಿ ಕುಳಿತ ಜಮಖಂಡಿಯ ಬಿ.ಡಿ. ಜತ್ತಿಯವರು, ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಾಗದ ತಮ್ಮ ಮುಂದೆ ಬಂದಾಗ ಸ್ವಲ್ಪ ತಡೆದು, ಆಮೇಲೆ ಸಹಿ ಹಾಕಿದರು. ನಡುವಿನ ಕಾಲದ ಪೀಠಕ್ಕೆ ಅಷ್ಟು ತಡೆಯುವ ಶಕ್ತಿಯಾದರೂ ಉಂಟೆಂದು ತೋರಿಸಿದುದು ಒಬ್ಬ ಕನ್ನಡಿಗರ ಲೇಖನಿ.

ಇಂದು ನಮ್ಮ ಕಡೆಯ ಹುಡುಗರಿಗೆ ರಾಷ್ಟ್ರಪತಿಯ ಪರಿಚಯವಾಗುವುದು ಬೇರೊಂದು ಕಾಗದದಿಂದ. ಸಂವಿಧಾನದ 371ಜೆ ವಿಧಿಗೆ 2013ರ ಮೊದಲ ದಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರ ಅಂಕಿತ ಬಿದ್ದಿತು. ಆ ವಿಧಿಯಂತೆ ರಾಷ್ಟ್ರಪತಿಯು ಆಜ್ಞೆ ಹೊರಡಿಸಿ ರಾಜ್ಯಪಾಲರಿಗೆ ಈ ಸೀಮೆಯ ವಿಶೇಷ ಹೊಣೆಯನ್ನು ಒಪ್ಪಿಸಿದರು. ದೆಹಲಿಯ ಆ ಆಜ್ಞೆ ಬೆಂಗಳೂರಿನ ನಿಯಮವಾಗಿ, ನಿಯಮವು ಸೇಡಮಿನ ಸಹಾಯಕ ಆಯುಕ್ತರ ಕಚೇರಿಯ ಮೊಹರಾಗಿ, ಪ್ಲಾಸ್ಟಿಕ್ ಹಾಳೆಯೊಳಗಿನ ಅರ್ಹತಾ ಪ್ರಮಾಣಪತ್ರವಾಗಿ ಸುಲೇಪೇಟದ ಮನೆಯ ಟ್ರಂಕನ್ನು ಸೇರುತ್ತದೆ.

ವೀರೇಂದ್ರ ಪಾಟೀಲರ ಕಥೆ ಮಾತ್ರ 1971ಕ್ಕೆ ಮುಗಿಯಲಿಲ್ಲ. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಅವರು ಇಂದಿರೆಯವರಿಗೇ ಎದುರಾಗಿ ನಿಂತು ಎಪ್ಪತ್ತು ಸಾವಿರಕ್ಕೂ ಮಿಕ್ಕ ಮತಗಳಿಂದ ಸೋತರು. ಎರಡು ವರ್ಷದೊಳಗೆ ಅದೇ ಇಂದಿರೆಯವರ ಸಂಪುಟದಲ್ಲಿ ಮಂತ್ರಿಯಾದರು. 1989ರಲ್ಲಿ 178 ಸ್ಥಾನಗಳ ಬಹುಮತದೊಡನೆ ಪಕ್ಷ ಗೆದ್ದಾಗ ಮತ್ತೆ ಮುಖ್ಯಮಂತ್ರಿಯಾಗಿ, ಕಾಯಿಲೆ ಬಿದ್ದು ಚೇತರಿಸಿಕೊಳ್ಳುತ್ತಿದ್ದಾಗಲೇ, 1990ರ ಅಕ್ಟೋಬರಿನಲ್ಲಿ ರಾಜೀವ ಗಾಂಧಿಯವರು ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಆಡಿದ ಮಾತಿನಿಂದ ಕುರ್ಚಿ ಬಿಡಬೇಕಾಯಿತು. ಆಗಲೂ ಅವರ ಬೆನ್ನಿಗೆ ಬಂದುದು ರಾಷ್ಟ್ರಪತಿಯ ಆಳ್ವಿಕೆ, ಸಹಿ ಆರ್. ವೆಂಕಟರಾಮನ್ನರದು, ಮೊದಲ ಸಲ ಒಂದು ವರ್ಷವಿದ್ದುದು ಈ ಸಲ ಅಕ್ಟೋಬರ್ 10ರಿಂದ 17ರವರೆಗೆ ಒಂದು ವಾರವಿತ್ತು. ಆ ವಾರ ಸುಲೇಪೇಟದಲ್ಲಿ ತೊಗರಿ ಹೂವಾಡುತ್ತಿತ್ತು, ಮುತ್ಯಾ ಇರಲಿಲ್ಲ. ಕಟ್ಟೆಯ ಮೇಲೆ ರೇಡಿಯೋ ಕೇಳುತ್ತಿದ್ದ ನನ್ನ ಚಿಕ್ಕಪ್ಪ ಸುದ್ದಿ ಮುಗಿಯುತ್ತಲೂ ಅದನ್ನು ಆರಿಸಿ, ಪಕ್ಕದವರ ಕಡೆ ತಿರುಗಿ, “ಈಗಿನ ರಾಷ್ಟ್ರಪತಿ ಹೆಸರೇನಂದ್ರಿ?” ಎಂದು ಕೇಳಿದರು.